ಬಳೆಯಳತೆಯ ತೂತು

ಸಾಣಾಪುರದ ಕೆರೆದಂಡೆಯ ರೆಸಾರ್ಟು ಬಾಗಿಲು ಹಾಕಿದಾಗ
ತೂಕದ ಲೆಕ್ಕಕ್ಕೆ ಮಾರಿದರು ಕುರ್ಚಿ, ಕೊಡೆ, ಕಯಾಕು.
ಹಳದಿಯದೊಂದು ನನಗೆ ಬಂತು,
ಮುನಿರಾಬಾದಿನ ಕ್ವಾರ್ಟರ್ಸಿಗೆ, ಟಂಟಂ ಮೇಲೆ ಅಂಗಾತ,
ಮೂರು ಮೊಳ ಬಾಲ ಹಿಂದಕ್ಕೆ ಚಾಚಿ,
ತುದಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು.

ಹುಟ್ಟು ಹಿಡಿಯಲು ಎರಡು ಕೈ ಬೇಕು.
ಗಾಳದ ಕೋಲಿಗೆ ಒಂದಾದರೂ ಬೇಕು.
ಇಪ್ಪತ್ತು ವರ್ಷ ಮೀನುಗಾರರ ಸೊಸೈಟಿಯ ಖಾತೆ ಬರೆದವಳು ನಾನು,
ಈ ಲೆಕ್ಕ ಕೂಡಿಬರಲಿಲ್ಲ.

ಪೇಟೆಯಿಂದ ತರಿಸಬಹುದಿತ್ತು:
ಸುತ್ತ ತಿರುಗುವುದು, ಹಲ್ಲುಚಕ್ರದ್ದು, ಕಂಬಿಗೆ ಕಚ್ಚಿಕೊಳ್ಳುವುದು.
ನನ್ನ ದೋಣಿಗೆ ಕಂಬಿಯೇ ಇಲ್ಲ.
"ತಿರುಗೋದೆಲ್ಲಾ ಒಂದಿನ ಸಡ್ಲ ಆಗತೈತ್ರಿ"
ಅಂದ ಪೈಪಿನಂಗಡಿಯ ಖಾಜಾಹುಸೇನ,
ಒಂದೂವರೆ ಇಂಚಿನ ತುಂಡನ್ನು
ಚಾ ಕಾಸುವ ಸ್ಟೋವಿನ ಮೇಲೆ ಹೊರಳಿಸಿ ಹೊರಳಿಸಿ
ಮೆತ್ತಗಾದ ಬಾಯಿಗೆ ಬಾಟಲಿಯ ಕೊರಳು ತುರುಕಿದ.
ಕಣಗಿಲೆಯ ಹಾಗೆ ಅರಳಿತು ಪೈಪು. ಕೆಟ್ಟ ವಾಸನೆ.
ತಳಕ್ಕೆ ಮುಚ್ಚಳ ಮೆತ್ತಿ ಕೊಟ್ಟು, ಮೂವತ್ತು ರೂಪಾಯಿ.

ಭಾನುವಾರ ಅಂಗಳದಲ್ಲಿ ದೋಣಿಯಿಟ್ಟು ಒಳಗೆ ಕೂತೆ.
ಒಣನೆಲದ ಮೇಲೆ ಹುಟ್ಟು ಹಾಕಿದೆ, ಎಡ, ಬಲ, ಎಡ.
ಗೋಡೆಯಾಚೆಯಿಂದ ಲೈನ್‌ಮನ್ ಹೆಂಡತಿ ಹೊನ್ನೂರಮ್ಮ
"ಎಲ್ಲೀತನ ಬಂದ್ರೀ ಅಕ್ಕಾರ?"
"ಇನ್ನೂ ತುಳಸಿಕಟ್ಟಿ ದಾಟಿಲ್ಲವ್ವಾ."

ಮಗಳು ಸೀಮೆಸುಣ್ಣ ಹಿಡಿದು ನನ್ನ ಮೊಣಕೈಯ ಬೆನ್ನುಹತ್ತಿದಳು.
ಇಲ್ಲಿಟ್ಟರೆ ಹುಟ್ಟು ಬಡಿಯುತ್ತದೆ, ಗೀರು.
ಅಲ್ಲಿಟ್ಟರೆ ಕೈ ಎಟುಕುವುದಿಲ್ಲ, ಗೀರು.
ಮುಂದಿಟ್ಟರೆ ಕೋಲಿನ ತುದಿ ಕಣ್ಣೆದುರಿಗೇ,
ಆದರೆ ಪ್ರತಿ ಹುಟ್ಟಿಗೂ ಅದಕ್ಕೊಂದು ನಮಸ್ಕಾರ.
ತೀರಾ ಹಿಂದಿಟ್ಟರೆ ಮೀನು ಕಚ್ಚಿದ್ದು ಬೆನ್ನಿಗಷ್ಟೇ ಗೊತ್ತು.
ಸುಣ್ಣವೆಲ್ಲ ಬಳಿದ ಮೇಲೆ ಉಳಿದದ್ದು
ಆಸನದ ಹಿಂದೆ, ಬಲಕ್ಕೆ, ಒಂದು ಗೇಣು ಜಾಗ.

ಅಷ್ಟಾದರೂ ಡ್ರಿಲ್ಲು ಎತ್ತಲಿಲ್ಲ ಮೂರು ದಿನ.

ಹರಿಗೋಲಿನ ಜಡೆಪ್ಪ ಬಂದು ನೋಡಿದ,
ಒಡಲಿಗೆ ಬೆರಳು ಬಡಿದು ಕಿವಿಗೊಟ್ಟ.
"ತೂತು ತಾನಾ ಬೀಳತೈತಿ ತಂಗಿ,
ಅದು ಬೀಳದಂಗ ಡಾಂಬರು ಹಚ್ಚಿ ಹಚ್ಚಿ ನಮ್ಮಪ್ಪ ಸವದ.
ನೀ ನೋಡಿದ್ರ ರೊಕ್ಕ ಕೊಟ್ಟು ಹಾಕಾಕ ಹೊಂಟೀ."
"ಮತ್ತ ನಿನ್ನ ಕೋಲು ಯಾರು ಹಿಡೀತಾರ?"
ಹೆಬ್ಬೆರಳು ತೋರಿಸಿದ. ಕಾಲಿನದು.
ನೂಲು ಸುತ್ತಿ ಸುತ್ತಿ ಅಲ್ಲೊಂದು ಉಂಗುರದಂಥ ಬಿಳಿ ಗೆರೆ.
"ನಂದು ಇಲ್ಲಿ ಕೊರದೈತಿ" ಅಂದ.

ವೃತ್ತ ಗೀಚಲು ಡಬ್ಬಿಯ ಮುಚ್ಚಳ ದೊಡ್ಡದಾಯಿತು, ನಾಣ್ಯ ಸಣ್ಣದು.
ಟ್ರಂಕಿನ ತಳದಿಂದ ಸಿಕ್ಕಿದ್ದು ಮಗಳ ಮೊದಲ ಬಳೆ,
ಕಪ್ಪು ಗಾಜಿನದು, ಒಂದೇ ಉಳಿದದ್ದು.
ಪೈಪಿಗೆ ತೊಡಿಸಿ ನೋಡಿದೆ: ಬಿಗಿಯೂ ಅಲ್ಲ, ಸಡಿಲೂ ಅಲ್ಲ.
"ನನ್ನ ಕೈ ಇಷ್ಟs ಇತ್ತಾ?" ಅಂದಳು ಹದಿನಾಲ್ಕರವಳು,
ನಾಲ್ಕು ಬೆರಳನ್ನೂ ತೂರಿಸಲಾಗದೆ.

ಡ್ರಿಲ್ಲು ಹಾಡಿತು. ಹಳದಿ ಸುರುಳಿಗಳು
ಶಾವಿಗೆಯ ಹಾಗೆ ಮಡಿಲಿಗೆ ಬಿದ್ದವು.
ಒಳಗೆ ಕತ್ತಲು, ರೆಸಾರ್ಟಿನ ಹಳೆಯ ಗಾಳಿ.
ಸೈಕಲ್ ಟ್ಯೂಬು ಕತ್ತರಿಸಿದ ವಾಷರು, ಅದರ ಮೇಲೆ ಸಿಲಿಕೋನು,
ನಾಲ್ಕು ಸ್ಟೀಲಿನ ಬೋಲ್ಟು, ಒಂದೊಂದೂ ಅರ್ಧರ್ಧ ಸುತ್ತು,
ಒಮ್ಮೆಗೇ ಬಿಗಿದರೆ ಸೀಳುತ್ತದೆ.
ಒಂದು ರಾತ್ರಿ ಯಾರೂ ಮುಟ್ಟಬಾರದು. ಬೆಕ್ಕಿಗೂ ಹೇಳಿದೆ.

ಡ್ಯಾಮಿನ ಹಿನ್ನೀರು, ಗಾಳಿ ಏಳುವ ಮುಂಚೆ.
ಕೋಲು ಹಿಂದೆ ವಾಲಿ ನಿಂತಿತ್ತು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು,
ಬಾವಿಗಿಳಿಸಿದ ಹುಡುಗನ ಹಾಗೆ.
ಎರಡೂ ಕೈ ಹುಟ್ಟಿನ ಮೇಲೆ. ಕಿವಿ ಪೂರಾ ಬೆನ್ನ ಹಿಂದೆ.
ಒಂದು ಸಲ ತುದಿ ಬಾಗಿತು; ಪಾಚಿ.
ಇನ್ನೊಂದು ಸಲ ಯಾಕೆಂದು ಗೊತ್ತಾಗಲಿಲ್ಲ.

ಬಿಸಿಲೇರಿದಾಗ ದಂಡೆಯಲ್ಲಿ ಜಡೆಪ್ಪ ಬಲೆ ಬಿಡಿಸುತ್ತಿದ್ದ.
"ಏನರ ಸಿಕ್ತ?"
"ಏನಿಲ್ಲ."
ಮುಚ್ಚಳ ತೆಗೆದು ಒಡಲೊಳಗೆ ಮೊಣಕೈತನಕ ಕೈಯಿಳಿಸಿ
ತಳವನ್ನೆಲ್ಲ ಸವರಿದೆ, ಮೂಲೆ ಮೂಲೆ,
ಬೆರಳು ತೆಗೆದು ಸೀರೆಗೆ ಒರೆಸಿ ನೋಡಿದೆ.
"ಒಳಗ ನೀರು?"
"ಏನಿಲ್ಲ!"